ಹನ್ನೊಂದಕ್ಕೆ ಹೋಗುವ ಕರೆಂಟು

ದಿಗ್ಗೇವಾಡಿಯ ಅರ್ಧ ಮನೆಗಳಿಗೆ ವೈರು ಎಳೆದವನು ಶಮಶೇರ. ಅವನ ಮನೆಗೆ ಮಾತ್ರ ಮೂರು ವರ್ಷ ಕರೆಂಟಿರಲಿಲ್ಲ. ಕಂಬದಿಂದ ಬರುವ ತಂತಿ ಸಾವ್ಕಾರ ಧರೆಪ್ಪನ ಕಬ್ಬಿನ ಮೇಲೆ ಹಾಯಬೇಕಿತ್ತು.

“ಕಿಡಿ ಬಿದ್ದು ಕಬ್ಬ ಸುಟ್ರ ನೀ ಬೆಳದ ಕೊಡ್ತಿಯೇನ್ಲೇ?” ಎಂದು ಶಮಶೇರನ ಮೇಲೆ ಹರಿಹಾಯ್ದು ಧರೆಪ್ಪ ಕಂಬ ನೆಡಲು ಬಂದವರನ್ನು ತಿರುಗಿ ಕಳಿಸಿದ್ದ.

ಮೂರನೆಯ ವರ್ಷದ ಚಳಿಯಲ್ಲಿ, ಬೆಳಗಿನ ನಮಾಜಿಗೆ ಎದ್ದ ತಾಯಿ ರಹಿಮಾಬಿ ಕತ್ತಲಲ್ಲಿ ನೀರಿನ ಹಂಡೆಯ ಬಳಿ ಜಾರಿ ಬಿದ್ದಳು. ಶಮಶೇರ ಕೆಲಸಕ್ಕೆಂದು ಉಗಾರಕ್ಕೆ ಹೋಗಿ ರಾತ್ರಿ ಅಲ್ಲೇ ಉಳಿದಿದ್ದ. ಬೆಳಕು ಹರಿದು ಹಾಲಿನ ಶೇವಂತಾ ಬರುವ ತನಕ, ಒಂದು ತಾಸು, ಮುದುಕಿ ತಣ್ಣನೆಯ ಕಲ್ಲಿನ ಮೇಲೆ ಬಿದ್ದಿದ್ದಳು. ಆಮೇಲೆ ಕಾಲುವೆಯ ದಂಡೆ ಸುತ್ತಿ ತಂತಿ ಬಂತು. ರಹಿಮಾಬಿಯ ಸೊಂಟ ನೆಟ್ಟಗಾಗಲಿಲ್ಲ.

ಆ ಒಂದು ತಾಸನ್ನು ಶಮಶೇರ ಏಳು ವರ್ಷ ಆರದ ಕೆಂಡದಂತೆ ಕಾಪಾಡಿಕೊಂಡ.

ಧರೆಪ್ಪ ಅದೇ ಹೊಲದಲ್ಲಿ ಮೂರು ಅಂತಸ್ತಿನ ಮನೆ ಕಟ್ಟಿಸಿದ. ಎಷ್ಟು ಕರೆಂಟು ಬೇಕೆಂದು ಲೆಕ್ಕ ಹಾಕಲು ಶಮಶೇರನನ್ನೇ ಕರೆಸಿದ. ಐದು ಎ.ಸಿ., ನಾಲ್ಕು ಗೀಸರು, ಹಿಟ್ಟಿನ ಗಿರಣಿ, ಬೋರಿನ ಮೋಟರು, ಒಂದು ಲಿಫ್ಟು. ಎಲ್ಲ ಕೂಡಿ ಇಪ್ಪತ್ತೆರಡು ಕಿಲೋವ್ಯಾಟ್. ಎಲ್ಲವೂ ಒಮ್ಮೆಲೇ ನಡೆಯುವುದಿಲ್ಲವಾದ್ದರಿಂದ ಹದಿನೈದು ಸಾಕು.

“ಹದಿನೈದರಿ ಸಾವ್ಕಾರ್ರ. ಮನಿಗೇ ಬ್ಯಾರೆ ತ್ರೀ ಫೇಸ್ ತಗೋಬೇಕಾಗ್ತೈತಿ.”

“ಮೂರ ಬರಿಯೋ ಶಮಶ್ಯಾ. ಲಿಫ್ಟ, ಗಿರಣಿ ಎಲ್ಲಾ ಪಂಪಿನ ಪುಕ್ಕಟ ಲೈನಿಗೆ ಜೋಡಸು. ಊರಾಗ ಯಾರ್ ಮಾಡೂದಿಲ್ಲ?”

ಲಿಫ್ಟು ನಡೆಯಲು ಬೇಕಾದ ತ್ರೀ ಫೇಸ್ ಕರೆಂಟು ಪಂಪಿನ ಲೈನಿಗೆ ದಿನಕ್ಕೆ ಏಳೇ ತಾಸು, ಅದೂ ವಾರವಾರ ಹೊತ್ತು ಬದಲಾಗುವ ಪಾಳಿಯಲ್ಲಿ. ಆದರೆ ಧರೆಪ್ಪ ಪಂಪಿನ ಮನೆಗೆ ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ಪಾಳಿ ಗೊತ್ತಿದ್ದದ್ದು ಆಳು ಭೀಮಸಿಗೆ. ಬೇರೆಯವರಾಗಿದ್ದರೆ ಶಮಶೇರ ಬಿಡಿಸಿ ಹೇಳುತ್ತಿದ್ದ.

“ಆತ್ರಿ,” ಎಂದ. ಮೂರು ಬರೆದ.

ಗೃಹಪ್ರವೇಶದ ವಾರದ ಪಾಳಿ ನಸುಕಿನ ನಾಲ್ಕರಿಂದ ಹನ್ನೊಂದರವರೆಗೆ ಇತ್ತು. ಪೂಜೆ ಮುಗಿದಾಗ ಹನ್ನೊಂದಕ್ಕೆ ಎರಡು ನಿಮಿಷ ಬಾಕಿ. ಬೀಗರೆದುರು ತಾಯಿಯನ್ನು ಲಿಫ್ಟಿನಲ್ಲಿ ಕೂರಿಸಿ ಮೇಲೆ ಒಯ್ಯಬೇಕೆಂದು ಧರೆಪ್ಪ ಗಿರಿಜವ್ವನ ಕೈ ಹಿಡಿದು ತಂದ.

ಲಿಫ್ಟಿಗೆ ಮೊದಲು ಗಿರಿಜವ್ವ ಬರುತ್ತಾಳೆಂದು ಶಮಶೇರ ಎಣಿಸಿರಲಿಲ್ಲ. ಬಿದ್ದ ರಹಿಮಾಬಿಗೆ ತನ್ನ ಮಗನ ಕಣ್ಣು ತಪ್ಪಿಸಿ ತಿಂಗಳುಗಟ್ಟಲೆ ಬಿಸಿ ಅಂಬಲಿ ಕಳಿಸಿದವಳು ಈ ಗಿರಿಜವ್ವ.

“ಆಯಿ, ನೀವ್ ಕುಂದರ್ರಿ,” ಎಂದು ಕುರ್ಚಿ ಎಳೆದ. “ಮದಲ ಸಾವ್ಕಾರ್ರು ಒಮ್ಮೆ ಹೋಗಿ ಬರ್ಲಿ.”

ಧರೆಪ್ಪ ಹಿಗ್ಗಿ ಒಬ್ಬನೇ ಒಳಹೊಕ್ಕ. ಹನ್ನೊಂದಾಗಿ ಪಂಪಿನ ಕರೆಂಟು ಹೋಯಿತು; ಲಿಫ್ಟು ಅರ್ಧ ಏರಿ ಕತ್ತಲಲ್ಲಿ ನಿಂತಿತು.

“ಏ ಶಮಶ್ಯಾ! ಕಣ್ಣ ಕಾಣವಲ್ದೋ! ಬಾಗ್ಲಾ ತಗಿ!”

“ಗಾಳಿ ಆಡ್ತೈತ್ರಿ, ಏನೂ ಆಗೂದಿಲ್ಲ. ಒಂದ್ ತಾಸ ಕುಂದರ್ರಿ.”

“ಒಂದ್ ತಾಸ ಯಾಕಲೇ?”

“ನಮ್ಮ ಅಮ್ಮಿ ಕತ್ತಲದಾಗ ಅಷ್ಟ ಹೊತ್ತ ಬಿದ್ದಿದ್ಲರಿ. ನಿಮ್ಮ ಕಬ್ಬ ಸುಡಬಾರ್ದಂತ.”

ಬೀಗರು ಒಬ್ಬರ ಮುಖ ಒಬ್ಬರು ನೋಡಿದರು. ಧರೆಪ್ಪನ ಮಗ ಅಮಿತ ಓಡಿ ಬಂದು, ಶಮಶೇರನ ಬಳಿಯಿದ್ದ, ಲಿಫ್ಟನ್ನು ಕೈಯಿಂದ ಇಳಿಸುವ ಕಬ್ಬಿಣದ ಹಿಡಿಕೆಗೆ ಕೈಚಾಚಿದ.

“ಕೊಡೋ ಇಲ್ಲಿ!”

ಶಮಶೇರ ಅವನಿಗೆ ಕೊಡಲಿಲ್ಲ. ಹಿಡಿಕೆಯನ್ನು ತಂದು ಗಿರಿಜವ್ವನ ಮಡಿಲಲ್ಲಿಟ್ಟ. “ಆಯಿ, ನೀವ್ ಹೇಳಿದಂಗ.”

ಮುದುಕಿ ಬಹಳ ಹೊತ್ತು ಅದನ್ನೇ ನೋಡಿದಳು. ಮೇಲಿನಿಂದ “ಅವ್ವಾ!” ಎಂಬ ಕೂಗು ಬಂತು. ಮೊಮ್ಮಗ ಮತ್ತೆ ಕೈಚಾಚಿದಾಗ ಹಿಡಿಕೆಯ ಮೇಲೆ ಸೆರಗು ಎಳೆದುಕೊಂಡಳು.

“ಎಷ್ಟ ಆತು, ಶಮಶೇರ?”

“ಹತ್ತ ಮಿನಿಟ್ರಿ.”

“ಹಂಗಾರ ಇನ್ನೂ ಐವತ್ತ ಉಳದಾವ,” ಎಂದಳು ಗಿರಿಜವ್ವ.