ಫ್ರೀಡಾ ಅಜ್ಜಿಯ ಪೆದ್ದರು

ಬಿಸಿ ಸಾಬೂನುಪುಡಿಯ ವಾಸನೆ ಎಲ್ಲೇ ಬರಲಿ, ನಾನು ಉಪ್ಸಾಲಾದ ನಮ್ಮ ಹಳೆಯ ಕಟ್ಟಡದ ನೆಲಮಾಳಿಗೆಗೆ ಇಳಿದುಬಿಡುತ್ತೇನೆ. ಅವು ಈ ಶತಮಾನದ ಮೊದಲ ವರ್ಷಗಳು. ಎಲ್ಲ ಮನೆಗಳಿಗೂ ಸೇರಿದ ಬಟ್ಟೆ ಒಗೆಯುವ ಕೋಣೆ ಅಲ್ಲಿತ್ತು. ಸ್ವೀಡನ್ನಿನಲ್ಲಿ ಆ ಕೋಣೆಯ ಸರದಿ ಅಂದರೆ ದೇವರಿಗಿಂತ ದೊಡ್ಡದು, ಯಾರೂ ಬಿಟ್ಟುಕೊಡುವುದಿಲ್ಲ. ನಮ್ಮಪ್ಪ ಮಾತ್ರ ಕುಂದಾಪುರದಿಂದ ತಂದ ದಾಕ್ಷಿಣ್ಯವನ್ನು ಇಲ್ಲೂ ಕೈಬಿಟ್ಟವರಲ್ಲ. ಮೆಟ್ಟಿಲ ಮೇಲೆ ಸಿಕ್ಕವರು ಮಗುವಿಗೆ ಹುಷಾರಿಲ್ಲ ಎಂದರೆ ಸಾಕು, ನಮ್ಮ ಸರದಿಯನ್ನು ಧಾರೆಯೆರೆದು ಬರುತ್ತಿದ್ದರು. ಮಗುವೇ ಇಲ್ಲದವನಿಗೂ ಒಮ್ಮೆ ಕೊಟ್ಟು ಬಂದರು! "ಬೆಪ್ಪುತಕ್ಕಡಿ! ನಾಳೆ ಇವ್ಳು ಸ್ಕೂಲಿಗೆ ಏನ್ ಹಾಕ್ಕೊಂಡು ಹೋಗ್ಬೇಕು?" ಎಂದು ಅಮ್ಮ ಕೊಳೆಬಟ್ಟೆಯ ಬುಟ್ಟಿ ಕುಕ್ಕುತ್ತಿದ್ದಳು.

ಎದುರುಮನೆಯ ಫ್ರೀಡಾ ಅಜ್ಜಿಗೆ ಈ ಜಗಳವೆಂದರೆ ಹಬ್ಬ. ಯುರೋಪಿನ ಯಹೂದಿಗಳ ಭಾಷೆಯಾದ ಯಿಡ್ಡಿಶ್ ಅವಳ ತಾಯ್ನುಡಿ. ಅದನ್ನಾಡುವ ತನ್ನವರನ್ನೆಲ್ಲ ಎರಡನೇ ಮಹಾಯುದ್ಧದಲ್ಲಿ ಕಳೆದುಕೊಂಡು, ಹುಡುಗಿಯಾಗಿದ್ದಾಗಲೇ ಸ್ವೀಡನ್ನಿಗೆ ಬಂದವಳು. ಉಳಿದ ಮಾತಿಗೆಲ್ಲ ಸ್ವೀಡಿಷ್, ಬೈಯಲು ಮಾತ್ರ ಯಿಡ್ಡಿಶ್. "ಸರದಿ ಬಿಟ್ಟುಕೊಟ್ಟ ನಿನ್ನಪ್ಪ ಶ್ಲೆಮೀಲ್, ಕೈಯಾರೆ ಕೆಡಿಸಿಕೊಳ್ಳುವ ಪೆದ್ದ. ಬುಟ್ಟಿ ಹಿಡಿದು ಕೂತ ನಿನ್ನಮ್ಮ ಶ್ಲಿಮಾಜಲ್, ಏನೂ ಮಾಡದೆ ಪೆಟ್ಟು ತಿನ್ನುವವಳು" ಎಂದು ನನಗೆ ಪಾಠ ಹೇಳಿ, ತನ್ನ ಸರದಿಯಲ್ಲೇ ನಮ್ಮ ಬಟ್ಟೆಗೂ ಜಾಗ ಮಾಡುತ್ತಿದ್ದಳು. ಬದಲಿಗೆ ಅಮ್ಮ ಅವಳಿಗೆ 'ಬೆಪ್ಪುತಕ್ಕಡಿ' ಕಲಿಸಿದಳು. ಅಜ್ಜಿ ಅದನ್ನು ಕಲ್ಲುಸಕ್ಕರೆಯಂತೆ ಬಾಯಲ್ಲಿ ಹೊರಳಿಸಿ, ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ನಾನು ಹೈಸ್ಕೂಲು ಸೇರುವ ಹೊತ್ತಿಗೆ ಅಜ್ಜಿಗೆ ಮರೆವು ಬಂತು. ವೃದ್ಧಾಶ್ರಮಕ್ಕೆ ಹೋದ ಮೇಲೆ ಸ್ವೀಡಿಷ್ ಒಂದೊಂದೇ ಮಾತಾಗಿ ಉದುರಿಹೋಯಿತು, ಯಿಡ್ಡಿಶ್ ಮಾತ್ರ ಉಳಿಯಿತು. ಅಲ್ಲಿ ಅದು ಯಾರಿಗೂ ತಿಳಿಯದು. ಉತ್ತರ ಸಿಗದೆ ಅವಳು ಮಾತನ್ನೇ ನಿಲ್ಲಿಸುತ್ತ ಬಂದಳು. ನಮಗೆ ಆ ಭಾಷೆಯಲ್ಲಿ ಗೊತ್ತಿದ್ದದ್ದು ಪೆದ್ದರ ಹೆಸರುಗಳಷ್ಟೇ. ಅಪ್ಪ ಅಷ್ಟನ್ನೇ ಹಿಡಿದುಕೊಂಡು ಪ್ರತಿ ಭಾನುವಾರ ನಮ್ಮನ್ನು ಹೊರಡಿಸುತ್ತಿದ್ದರು. ಬೇಕೆಂದೇ ಅಂಗಿಯನ್ನು ಒಳಹೊರಗಾಗಿ ತೊಟ್ಟು, ಕಾಫಿ ಚೆಲ್ಲಿ, ಅವಳ ಮುಂದೆ ಪೆಚ್ಚುಮೋರೆ ಹಾಕಿ ನಿಲ್ಲುತ್ತಿದ್ದರು. "ಶ್ಲೆಮೀಲ್!" ಎಂದು ಅವಳು ಗದರಿದರೆ ಆ ವಾರ ಗೆದ್ದಂತೆ. ಅಷ್ಟು ಜಾಣ ಪೆದ್ದನನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಕೊನೆಯ ಚಳಿಗಾಲದಲ್ಲಿ ಅದೂ ನಿಂತಿತು. ಅಪ್ಪ ಕಾಫಿ ಚೆಲ್ಲಿದರು, ಅಂಗಿ ತೋರಿಸಿದರು; ಅಜ್ಜಿ ಸುಮ್ಮನೆ ಗೋಡೆ ನೋಡುತ್ತಿದ್ದಳು. ಸೋತ ಅಪ್ಪ ಕೋಟು ಹಾಕಿಕೊಳ್ಳಲು ಬಾಗಿದಾಗ, ಅವಳ ಕೈ ಮೆಲ್ಲಗೆ ಮೇಲೆದ್ದು ಅವರ ಕಾಲರನ್ನು ಸರಿಮಾಡಿತು. "ಬೆಪ್ಪುತಕ್ಕಡಿ" ಎಂದಳು, ಸ್ಪಷ್ಟವಾಗಿ, ನಮ್ಮಮ್ಮನ ರಾಗದಲ್ಲೇ.

ಬಾಗಿಲ ಬಳಿ ನಿಂತಿದ್ದ ಅಮ್ಮ ಗಳಗಳ ಅತ್ತಳು. ಅಜ್ಜಿ ಹೋದ ಮೇಲೂ ಅಪ್ಪ ಎಷ್ಟೋ ಸಲ ಸರದಿ ಕೊಟ್ಟು ಬಂದರು. ಅಮ್ಮ ಬೈದಳು, ಬುಟ್ಟಿ ಕುಕ್ಕಿದಳು. ಆ ಒಂದು ಮಾತನ್ನು ಮಾತ್ರ ಫ್ರೀಡಾ ಅಜ್ಜಿಗೇ ಬಿಟ್ಟುಕೊಟ್ಟಳು.