ಉಳುಕೆಂದು ತುಳಿದ ಎದೆ

ಕೊರೊನಾ ಇಳಿದ ಮರುವರ್ಷ. ನಿವೃತ್ತಿಗೆ ಹತ್ತಿರವಾಗಿದ್ದ ನಾನು ಹೊಸೂರಿನ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದ ಹೊಣೆ ಹೊತ್ತಿದ್ದೆ. ಒಂದು ಮಧ್ಯಾಹ್ನ ಗುಮ್ಮಳಾಪುರದ ರೈತ ಮುನಿರಾಜುವನ್ನು ಅವನ ಅಕ್ಕ ಯಲ್ಲಮ್ಮ ಆಟೋದಲ್ಲಿ ಕರೆತಂದರು. ಹೆಸರುಗಳನ್ನು ಇಲ್ಲಿ ಬದಲಿಸಿದ್ದೇನೆ.

ಹಿಂದಿನ ದಿನ ಹುಣಸೆಹಣ್ಣು ಬಡಿಯುವಾಗ ಅವನು ಕೊಂಬೆಯಿಂದ ಜಾರಿ ಬಂಡೆಯ ಮೇಲೆ ಬಿದ್ದಿದ್ದ. ಬಲಪಕ್ಕೆಯ ನೋವನ್ನು ಮನೆಯವರು ಉಳುಕೆಂದು ಬಗೆದರು. ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಉಳುಕು ಬಿಡುತ್ತದೆಂಬುದು ನಮ್ಮ ಸೀಮೆಯ ನಂಬಿಕೆ. ಯಲ್ಲಮ್ಮ ಹಾಗೆ ಹುಟ್ಟಿದವರು. ಊರವರೆಲ್ಲ ಬೆನ್ನುನೋವಿಗೆ ಅವರ ಬಳಿಗೇ ಬರುತ್ತಿದ್ದರು. ಅಂದು ಬೆಳಿಗ್ಗೆ ತಮ್ಮನನ್ನು ಬೋರಲು ಮಲಗಿಸಿ ತುಳಿದಿದ್ದರು. ಮೊದಲೇ ಇದ್ದ ಏದುಸಿರು ಆಮೇಲೆ ಹೆಚ್ಚಾಯಿತು.

ನಾನು ನೋಡಿದಾಗ ತುಟಿ ನೀಲಿಗಟ್ಟಿತ್ತು, ಕತ್ತಿನ ನರಗಳು ಉಬ್ಬಿದ್ದವು, ಶ್ವಾಸನಾಳ ಎಡಕ್ಕೆ ಸರಿದಿತ್ತು. ಎದೆಯ ಬಲಭಾಗ ಏಳುತ್ತಿರಲಿಲ್ಲ. ಬೆರಳಿನಿಂದ ತಟ್ಟಿದರೆ ಟೊಳ್ಳು ನಾದ, ಸ್ಟೆತಸ್ಕೋಪಿನಲ್ಲಿ ಉಸಿರಿನ ಸದ್ದೇ ಇಲ್ಲ. ಮುರಿದ ಪಕ್ಕೆಲುಬು ಚುಚ್ಚಿದ ಶ್ವಾಸಕೋಶದಿಂದ ಸೋರಿದ ಗಾಳಿ ಎದೆಗೂಡಿನಲ್ಲಿ ಸಿಕ್ಕಿಕೊಂಡು, ಶ್ವಾಸಕೋಶವನ್ನು ಕುಗ್ಗಿಸಿ ಹೃದಯವನ್ನೂ ಅದುಮುವ ಈ ಸ್ಥಿತಿಗೆ ಟೆನ್ಷನ್ ನ್ಯೂಮೋಥೊರಾಕ್ಸ್ ಎನ್ನುತ್ತೇವೆ. ಎಕ್ಸ್‌ರೇಗೆ ಕಾಯುವಂತಿರಲಿಲ್ಲ. ಭಗವಂತನನ್ನು ನೆನೆದು ಪಕ್ಕೆಲುಬುಗಳ ನಡುವೆ ದಪ್ಪ ಸೂಜಿ ಇಳಿಸಿದೆ. ಗಾಳಿ ಸುಯ್ಯೆಂದು ಹೊರಬಂತು. ಬಳಿಕ ಕೊಳವೆ ತೂರಿಸಿ, ಅದರ ತುದಿಯನ್ನು ಬಾಟಲಿಯ ನೀರಿನಲ್ಲಿ ಮುಳುಗಿಸಿದೆವು. ಹಾಗೆ ಮಾಡಿದರೆ ಹೊರಬಂದ ಗಾಳಿ ಒಳಕ್ಕೆ ಮರಳಲಾರದು.

ಮುನಿರಾಜು ಕಣ್ಣು ತೆರೆದು ಅಕ್ಕನನ್ನು ನೋಡಿದ. “ಇನ್ನೊಂದು ಕಿತ ತುಳೀತೀಯೇನಕ್ಕ?”

“ಸುಮ್ಕಿರ್ಲಾ. ಮನೇಗ್ ಬಾ, ಬಾಯ್ ಮ್ಯಾಲೇ ತುಳೀತೀನಿ,” ಎಂದು ಅವರು ನಕ್ಕರು.

ಸ್ವಲ್ಪ ಹೊತ್ತಿಗೆ ಬಾಟಲಿಯ ನೀರು ಕೆಂಪಾಗತೊಡಗಿತು. ಒಳಗೆ ರಕ್ತನಾಳವೊಂದು ಹರಿದಿತ್ತು. ರಕ್ತ ಕೊಡುತ್ತಲೇ, ಶಸ್ತ್ರಚಿಕಿತ್ಸೆಗಾಗಿ ದೊಡ್ಡ ಆಸ್ಪತ್ರೆಗೆ ಸಾಗಿಸಲು ಅಣಿಯಾಗುತ್ತಿದ್ದಂತೆ ಅವನ ಹೃದಯ ನಿಂತಿತು. ನಮ್ಮ ಯಾವ ಪ್ರಯತ್ನಕ್ಕೂ ಅದು ಮತ್ತೆ ಓಗೊಡಲಿಲ್ಲ.

ಹೊರಗೆ ಬಂದು ತಿಳಿಸಿದೆ. ಯಲ್ಲಮ್ಮ ಅಳಲಿಲ್ಲ.

“ನಿಜ ಯೋಳಿ ಸಾಮಿ. ಕೊಂದಿದ್ದು ಮರಾನಾ, ನನ್ ಕಾಲಾ?”

“ಬಿದ್ದಾಗಲೇ ಎಲುಬು ಮುರಿದಿರಬೇಕು, ತಾಯಿ. ರಕ್ತನಾಳ ಯಾವಾಗ ಹರಿಯಿತೋ ನನಗೆ ತಿಳಿಯದು.”

“ಅಂಗಾರೆ ನನ್ ಕಾಲಲ್ಲ ಅಂತ ನೀವೂ ಅನ್ನಾಕಿಲ್ಲ.”

ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕುಳಿತೆ. ಊರಿನಿಂದ ಬಂಧುಗಳು ಬರುವವರೆಗೂ ಏಳಲಿಲ್ಲ.

ಎದೆಗೆ ಪೆಟ್ಟು ಬಿದ್ದವರನ್ನು ತುಳಿಯಬೇಡಿ, ನೀವಬೇಡಿ. ಉಸಿರು ಸಾಲದಿದ್ದರೆ ಒರಗಿಸಿ ಕೂರಿಸಿ, ತಡಮಾಡದೆ ಆಸ್ಪತ್ರೆಗೆ ಕರೆತನ್ನಿ ಎಂದು ಅಂದಿನಿಂದ ಹೋದ ಹಳ್ಳಿಗಳಲ್ಲೆಲ್ಲ ಹೇಳುತ್ತ ಬಂದಿದ್ದೇನೆ. ಕಠಿಣ ಸತ್ಯವನ್ನು ಹೇಳಿದ ಮೇಲೆ, ಕೇಳಿದವರನ್ನು ಅದರೊಡನೆ ಒಂಟಿಯಾಗಿ ಬಿಟ್ಟು ಹೋಗಬಾರದೆಂಬುದನ್ನೂ ಈ ವೃತ್ತಿ ನನಗೆ ಅಂದೇ ಕಲಿಸಿತು.