ಮುಖ ಒಂದು ಕಡೆ, ನೋಟ ಒಂದು ಕಡೆ

ನನ್ನ ಗಂಡ ಪ್ರೊಕೋಪಿಸ್ ಚರ್ಚಿನಲ್ಲಿ ನನ್ನನ್ನೇ ನೋಡುತ್ತಾನೆ, ಮನೆಗೆ ಬಂದರೆ ನನ್ನಿಂದ ಮುಖ ತಿರುಗಿಸುತ್ತಾನೆ. ಮದುವೆಯಾದ ಮೇಲೆ ವರ್ಷಗಟ್ಟಲೆ ನಾನು ಇದೊಂದನ್ನೇ ಹಿಡಿದು ಅವನ ಜೊತೆ ಜಗಳವಾಡಿದೆ. ಚರ್ಚಿನ ಆ ನೋಟಕ್ಕೆ ಸೋತು ಅವನನ್ನು ಕಟ್ಟಿಕೊಂಡವಳು ನಾನು. ಮನೆಯ ಈ ಮುಖ ಕಂಡಾಗಲೆಲ್ಲ ಸೌಟು ಎತ್ತಿದವಳೂ ನಾನೇ.

ಅವನ ಕಸುಬು ಕುರ್ಚಿ ಹೆಣೆಯುವುದು. ಲೆಸ್ವೋಸ್ ದ್ವೀಪದ ಈ ಬದಿಯಲ್ಲಿ ಯಾವ ಕಾಫಿ ಅಂಗಡಿಯಲ್ಲಿ ಕೂತರೂ ನಿಮ್ಮ ಕೆಳಗಿರುವ ಜೊಂಡಿನ ಹೆಣಿಗೆ ಅವನದೇ. ಭಾನುವಾರ ಮಾತ್ರ ಜೊಂಡು ಬಿಟ್ಟು ಚರ್ಚಿನಲ್ಲಿ ಹಾಡುತ್ತಿದ್ದ. ಆ ಕಂಠಕ್ಕೆ ನಾನು ಹೊಗಳಿಕೆ ಸೇರಿಸಬೇಕಾಗಿಲ್ಲ. ಸತ್ತ ಮಾವನ ತಿಥಿಗೂ ಬಾರದವರು ಅವನ ಹಾಡಿಗೆ ಪಕ್ಕದೂರಿನಿಂದ ಕತ್ತೆ ಏರಿ ಬರುತ್ತಿದ್ದರು.

ಕಣ್ಣು ಮಾತ್ರ ಹುಟ್ಟಿನಿಂದ ಹಾಗೆ. ಎರಡು ಗುಡ್ಡೆಗಳೂ ಎಡಕ್ಕೆ ಬಲಕ್ಕೆ ಸಣ್ಣಗೆ ಓಡಾಡುತ್ತಲೇ ಇರುತ್ತಿದ್ದವು, ಒಂದು ಗಳಿಗೆ ನಿಂತ ಕಡೆ ನಿಲ್ಲುತ್ತಿರಲಿಲ್ಲ. ಬಸುರಿಯಾಗಿದ್ದಾಗ ತಾಯಿ ಭೂಕಂಪಕ್ಕೆ ಹೆದರಿದ್ದಳು, ಅದಕ್ಕೇ ಎಂದು ಕೆಲವರು. ಕೆಟ್ಟ ದೃಷ್ಟಿ ತಾಗಿದೆ ಎಂದು ಉಳಿದವರು. ನನ್ನ ಸೋದರತ್ತೆ ಪೆರಿಸ್ತೇರಾ ಬಟ್ಟಲು ನೀರಿಗೆ ಎಣ್ಣೆ ಹನಿಸಿ, ಆಕಳಿಸುತ್ತಾ ಪ್ರಾರ್ಥನೆ ಹೇಳಿ, ಅವನ ಮೇಲೆ ಮೂರು ಸಲ ಉಗಿದೂ ನೋಡಿದಳು. ಎಣ್ಣೆಯ ಪಾಡಿಗೆ ಎಣ್ಣೆ ತೇಲಿತು, ಕಣ್ಣಿನ ಪಾಡಿಗೆ ಕಣ್ಣು ಓಡುತ್ತಿತ್ತು.

ನಮ್ಮ ಚರ್ಚಿನಲ್ಲಿ ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ ನಿಲ್ಲಬೇಕು. ಹಾಡುವವರಿಗೆ ಮುಂದುಗಡೆ ಎರಡು ಮೇಜು; ಎಡಗೋಡೆಯದು ದನಿಗೂಡಿಸುವವರದು, ಮುಖ್ಯವಾದದ್ದು ಬಲಗೋಡೆಗಿದೆ, ಕಲ್ಲಿನಲ್ಲಿ ಕೂರಿಸಿದ್ದು, ಅಲುಗಾಡಿಸಲು ಬರುವುದಿಲ್ಲ. ಅಲ್ಲಿ ನಿಂತವನು ಒಂದೋ ಪುಸ್ತಕ ನೋಡಬೇಕು, ಇಲ್ಲವೇ ಪೂಜಾಪೀಠ ನೋಡಬೇಕು. ಪ್ರೊಕೋಪಿಸ್ ಮಾತ್ರ ಮುಖವನ್ನು ಎಡಕ್ಕೆ ತಿರುಗಿಸಿ, ರೆಪ್ಪೆ ಅರ್ಧ ಇಳಿಸಿ, ಸೀದಾ ಹೆಂಗಸರ ಸಾಲಿಗೇ ಹಾಡುತ್ತಿದ್ದ. ಆ ಸಾಲಿನಲ್ಲಿ ಕಂಬದ ಪಕ್ಕ ನಿಲ್ಲುತ್ತಿದ್ದವಳು ನಾನು, ಮಿರ್ಸೀನಿ. ಆಗ ಇಪ್ಪತ್ತರ ಹುಡುಗಿ. ಈಸ್ಟರಿಗೆ ಮುಂಚಿನ ಉಪವಾಸದ ಉದ್ದಕ್ಕೂ ಆ ಮುಖ ನನ್ನ ಮೇಲಿಂದ ಕದಲಲಿಲ್ಲ. ಅಂಥ ಮುಖ ಕಂಡ ಮೇಲೆ ಮಿತಿಲೀನಿ ಪೇಟೆಯ ಎಣ್ಣೆ ವ್ಯಾಪಾರಿಯ ಮಗನ ಸಂಬಂಧ ಬಂದಾಗ ನನಗೆ ಒಲ್ಲೆ ಅನ್ನಿಸಿದ್ದರಲ್ಲಿ ಆಶ್ಚರ್ಯವೇನು?

ನಮ್ಮೂರಲ್ಲಿ ಒಬ್ಬ ಗಂಡು ಅಷ್ಟು ದಿನ ಒಬ್ಬ ಹುಡುಗಿಯ ಕಡೆ ಮುಖ ಮಾಡಿದನೆಂದರೆ ಮಾತು ಕೊಟ್ಟ ಹಾಗೆಯೇ. ಪೆರಿಸ್ತೇರಾ ಅತ್ತೆ ಶಾಲು ಬಿಗಿದುಕೊಂಡು ಅವನ ತಾಯಿಯ ಮನೆಗೆ ಹೋದಳು.

"ನಿನ್ನ ಮಗ ಉಪವಾಸದಲ್ಲೂ ನಮ್ಮ ಹುಡುಗೀನ ತಿಂದುಬಿಡೋ ಹಾಗೆ ನೋಡ್ತಿದಾನೆ ಕಣೇ. ಕೇಳೋದಿದ್ರೆ ಬಾಯಿಬಿಟ್ಟು ಕೇಳ್ಲಿ. ಇಲ್ಲಾಂದ್ರೆ ಮುಖ ಆ ಕಡೆ ಇಟ್ಕೊಳ್ಲಿ. ಹುಡುಗಿ ಹೆಸರು ಹಾಳಾದ್ರೆ ನೀನು ಬಂದು ಕಟ್ಟಿಕೊಡ್ತೀಯಾ?"

ಆ ತಾಯಿಗೆ ದೇವರೇ ಬಾಗಿಲಿಗೆ ಬಂದಂತಾಯಿತು. ಅದುರುವ ಕಣ್ಣಿನ ಕುರ್ಚಿಯವನಿಗೆ ಹೆಣ್ಣು ಕೊಡುವವರು ಯಾರು ಎಂದು ಕೊರಗುತ್ತಿದ್ದವಳು, ಹಿಟ್ಟಿನ ಕೈಯಲ್ಲೇ ಅತ್ತೆಯನ್ನು ತಬ್ಬಿಕೊಂಡಳು. ಮದುವೆಯಾಯಿತು. ನಮ್ಮ ದ್ವೀಪದಲ್ಲಿ ಮನೆ ಹೆಣ್ಣಿನ ಕಡೆಯದು, ಹಾಗಾಗಿ ಅವನು ತನ್ನ ಜೊಂಡು, ಮೊಳೆ, ಸುತ್ತಿಗೆ ಸಮೇತ ನಮ್ಮ ಮನೆಗೆ ಬಂದ.

ಬಂದ ವಾರದಲ್ಲೇ ಶುರುವಾಯಿತು. ಬೂತಾಯಿ ಮೀನು ಹುರಿಯುತ್ತಾ ನಾನು ಏನಾದರೂ ಹೇಳಿದರೆ ಅವನ ಮುಖ ಬಾಗಿಲ ಕಡೆಗೆ. ಹೊಸ ಲಂಗ ಹಾಕಿಕೊಂಡು ಎದುರಿಗೆ ನಿಂತರೂ ಮುಖ ಬಾಗಿಲ ಕಡೆಗೇ.

"ಏನಯ್ಯಾ, ನಾನೇನು ಗೋಡೆನಾ? ಹೆಂಡ್ತಿ ಮಾತಾಡ್ತಿದ್ರೆ ಬಾಗ್ಲು ನೋಡ್ತೀಯಲ್ಲ!"

"ಕೇಳ್ತಾ ಇದೀನಲ್ಲೇ."

"ಕಿವಿ ವಿಷ್ಯ ಯಾರು ಕೇಳಿದ್ರು? ಮುಖ ಎಲ್ಲಿ ಮಾರಾಯ, ಮುಖ?"

ಪಾಪ, ಆಗ ಮುಖವನ್ನು ನನ್ನ ಕಡೆ ತಿರುಗಿಸುತ್ತಿದ್ದ. ತಿರುಗಿಸಿದ್ದೇ ತಡ, ಕಣ್ಣು ಇನ್ನೂ ಜೋರಾಗಿ ಅದುರಲು ಹತ್ತುತ್ತಿತ್ತು, ಕಳ್ಳ ಸಿಕ್ಕಿಬಿದ್ದ ಹಾಗೆ. ಚರ್ಚಿನಲ್ಲಿ ಊರೆದುರು ಪ್ರೀತಿ ತೋರಿಸುವವನಿಗೆ ಮನೆಯೊಳಗೆ ನಾನು ಯಾಕೆ ಬೇಡವಾದೆ ಎಂದು ನನಗೆ ಉರಿಯುತ್ತಿತ್ತು. ಆದರೂ ಭಾನುವಾರ ಬಂದರೆ ಕಂಬದ ಪಕ್ಕ ಹೋಗಿ ನಿಲ್ಲುತ್ತಿದ್ದೆ. ಆ ಮುಖ ತಿರುಗುತ್ತಿತ್ತು, ನನ್ನ ವಾರದ ಸಿಟ್ಟು ಇಳಿಯುತ್ತಿತ್ತು. ಅದೊಂದು ಇಲ್ಲದಿದ್ದರೆ ನಾನು ಎಂದೋ ಅವನ ಜೊಂಡನ್ನು ಬೀದಿಗೆ ಎಸೆದಿರುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಅಷ್ಟು ದಿನ ಅವನ ಪಕ್ಕ ನಿಲ್ಲುತ್ತಿದ್ದ ಹಳೆಯ ಮುಖ್ಯ ಹಾಡುಗಾರ ತೀರಿಕೊಂಡ ಮೇಲೆ ಬಲಮೇಜು ಪೂರಾ ಪ್ರೊಕೋಪಿಸನದಾಯಿತು. ಕಾಫಿ ಅಂಗಡಿಯ ಪನಾಗೋಸನಿಗೆ ಹೊಟ್ಟೆಯುರಿ ಶುರುವಾದದ್ದೂ ಆಗಲೇ. ಅವನ ಹೆಂಡತಿ ರಲ್ಲೂ ನಿಲ್ಲುತ್ತಿದ್ದುದು ನನ್ನ ಮುಂದೆ. ಪ್ರೊಕೋಪಿಸ್ ತನ್ನನ್ನೇ ನೋಡಿ ಹಾಡುತ್ತಾನೆ ಎಂದು ಅವಳು ಕೊಳಾಯಿಯ ಹತ್ತಿರ ಬೀಗಿದ್ದಳಂತೆ. "ಅಯ್ಯೋ, ಇವಳ ಸೊಕ್ಕೇ! ನಾನು ಹಿಂದೆ ನಿಂತಿರ್ತೀನಿ, ಇವಳು ಅಡ್ಡ ಇರೋ ಕಂಬ ಅಷ್ಟೇ" ಎಂದೆ ನಾನು. ಪನಾಗೋಸ್ ನಗಲಿಲ್ಲ. ದೇವರ ಮುಂದೆ ನಿಂತು ಪರರ ಹೆಂಡಿರನ್ನು ನೋಡುವವನು ನಮಗೆ ಬೇಡ ಎಂದು ಬಿಷಪ್ಪರವರೆಗೂ ದೂರು ಒಯ್ದ.

ಮುಖ ನೇರ ಇಟ್ಟುಕೊಂಡು ಹಾಡಲಿ, ಆಗದಿದ್ದರೆ ಮೇಜು ಬಿಡಲಿ ಎಂದು ಬಿಷಪ್ಪರಿಂದ ಮಾತು ಬಂತು. ಆ ಭಾನುವಾರ ಪ್ರೊಕೋಪಿಸ್ ಹಟ ಹಿಡಿದು ಮುಖ ನೇರ ಇಟ್ಟ. ಎರಡನೆಯ ಸಾಲಿಗೇ ತಡವರಿಸಿದ. ಬೆವರಿದ. ಬಾಯಿಪಾಠ ಬರುವಷ್ಟನ್ನು ಹಾಡಿ ಉಳಿದದ್ದನ್ನು ನುಂಗಿದ.

"ಏನಾಯ್ತಪ್ಪಾ ನಿಂಗೆ?" ಎಂದು ಕೇಳಿದರು ನಮ್ಮ ಪಾದ್ರಿ ಇಗ್ನಾತಿಸ್.

"ಮುಖ ನೇರ ಇಟ್ರೆ ಅಕ್ಷರ ಕುಣಿಯುತ್ತೆ ಸ್ವಾಮಿ. ಓರೆ ಮಾಡಿದ್ರೆ ನಿಲ್ಲುತ್ತೆ. ಎಲ್ರಿಗೂ ಹಾಗೇ ಅಲ್ವಾ?"

ಪಾದ್ರಿ ಪುಸ್ತಕ ಮುಚ್ಚಿದರು. "ಎಲ್ರಿಗೂ ಹಾಗಲ್ಲಪ್ಪ. ನೀನು ಥೆಸ್ಸಲೊನೀಕಿಯ ದೊಡ್ಡಾಸ್ಪತ್ರೆಗೆ ಹೋಗಿ ಕಣ್ಣು ತೋರಿಸ್ಕೊಂಡು ಬಾ" ಎಂದರು.

ಹಡಗು ಹತ್ತಿ ಹೋದೆವು. ಡಾಕ್ಟರು ಗಡ್ಡದ ಮನುಷ್ಯ, ಮಾತು ಕಡಿಮೆ. ದೀಪ ಹಿಡಿದು, ಬೆರಳು ಆಡಿಸಿ, ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಆಮೇಲೆ ನನ್ನನ್ನು ಎದುರು ಗೋಡೆಗೆ ನಿಲ್ಲಿಸಿ, "ಈಗ ನಿಮ್ಮ ಹೆಂಡ್ತೀನ ಚೆನ್ನಾಗಿ ನೋಡಿ. ಅವರ ಕುತ್ತಿಗೇಲಿ ಏನಿದೆ ಹೇಳಿ" ಎಂದರು.

ಪ್ರೊಕೋಪಿಸನ ಮುಖ ಮೆಲ್ಲಗೆ ಎಡಕ್ಕೆ, ಬಾಗಿಲ ಕಡೆ ತಿರುಗಿತು. ಕಣ್ಣುಗುಡ್ಡೆಗಳು ಬಲಮೂಲೆಗೆ ಬಂದವು. ನಡುಕ ಇಳಿಯಿತು. "ಶಿಲುಬೆ. ಪಕ್ಕದಲ್ಲಿ ಒಂದು ನೀಲಿ ಮಣಿ" ಎಂದ.

"ನೋಡಿದ್ರಾಮ್ಮ?" ಎಂದರು ಡಾಕ್ಟರು. "ಕಣ್ಣನ್ನ ಆಡಿಸೋ ಸ್ನಾಯುಗಳಿಗೆ ಇವರಲ್ಲಿ ಬಿಡುವಿಲ್ಲ, ಎಳೀತಾನೇ ಇರುತ್ವೆ. ಬಲಮೂಲೆಗೆ ಹೋದಾಗ ಮಾತ್ರ ಕೊಂಚ ಸುಮ್ಮನಾಗುತ್ವೆ. ಅದಕ್ಕೇ ಏನನ್ನೇ ಸರಿಯಾಗಿ ನೋಡ್ಬೇಕಾದ್ರೂ ಇವರು ಮುಖಾನ ಎಡಕ್ಕೆ ತಿರುಗಿಸ್ಬೇಕು. ಮುಖ ಎಲ್ಲಿದ್ಯೋ ಅಲ್ಲಿ ಇವರು ನೋಡ್ತಾ ಇರಲ್ಲ."

ಮುಖ ಎಲ್ಲಿದೆಯೋ ಅಲ್ಲಿ ನೋಡುತ್ತಿರುವುದಿಲ್ಲ! ಹೊರಗೆ ಬೆಂಚಿನ ಮೇಲೆ ಕೂತಾಗ ಕೇಳಿಯೇಬಿಟ್ಟೆ.

"ಉಪವಾಸದ ಆ ತಿಂಗ್ಳು, ಕಂಬದ ಹತ್ರ, ನೀನು ನನ್ನನ್ನ ನೋಡ್ಲಿಲ್ವಾ?"

"ಪುಸ್ತಕ ನೋಡ್ತಿದ್ದೆ."

"ಒಂದ್ಸಲಾನೂ ಇಲ್ವಾ?"

"ಅಷ್ಟು ದೂರ ನಂಗೆ ಬರೀ ಬಣ್ಣ ಕಾಣೋದು ಮಿರ್ಸೀನಿ. ಕರಿ ಶಾಲು, ಬಿಳಿ ಶಾಲು. ನೀನು ಯಾವುದು ಅಂತ್ಲೂ ಗೊತ್ತಿರ್ಲಿಲ್ಲ. ಅವರು ಹುಡುಗಿ ಕೊಡ್ತಾರಂತೆ ಅಂದ್ಲು ಅಮ್ಮ. ಹೂಂ ಅಂದೆ."

ಹೂಂ ಅಂದನಂತೆ! ಎಣ್ಣೆ ವ್ಯಾಪಾರಿಯ ಮಗನನ್ನು ಬಿಟ್ಟು ಬಂದದ್ದಕ್ಕೆ ನನಗೆ ಸಿಕ್ಕಿದ್ದು ಒಂದು ಹೂಂ. ಅಲ್ಲೇ ಅತ್ತುಬಿಟ್ಟೆ. ಆಸ್ಪತ್ರೆಯವರು ಯಾರೋ ಸತ್ತರೆಂದುಕೊಂಡು ನೀರು ತಂದುಕೊಟ್ಟರು. ನನ್ನ ಬದುಕೆಲ್ಲ ಪುಸ್ತಕ ಓದುವವನೊಬ್ಬನ ಮುಖಕ್ಕೆ ಅಡ್ಡ ನಿಂತದ್ದರಿಂದ ಆದದ್ದು ಎನ್ನಿಸಿ ಬಹಳ ನೋವಾಯಿತು.

ಹಡಗಿನಲ್ಲಿ ವಾಪಸು ಬರುವಾಗ ಅವನ ಜೊತೆ ಮಾತಾಡಲಿಲ್ಲ. ಅವನು ಎದುರಿಗೆ ಕೂತಿದ್ದ, ಮುಖ ಸಮುದ್ರದ ಕಡೆ. ಬಹಳ ಹೊತ್ತು ಹಾಗೆಯೇ ಇದ್ದ. ನಾನು ಶಾಲು ಹೊದ್ದುಕೊಂಡಾಗ, "ಆ ಕಡೆ ತುದಿ ನೆಲಕ್ಕೆ ಬಿದ್ದಿದೆ" ಎಂದ. ಸಮುದ್ರ ನೋಡುತ್ತಿರುವವನಿಗೆ ನನ್ನ ಶಾಲು ಹೇಗೆ ಕಂಡಿತು? ಆಮೇಲೆ ಹೊಳೆಯಿತು. ಮೀನು ಹುರಿಯುವಾಗ, ಹೊಸ ಲಂಗ ಹಾಕಿಕೊಂಡು ನಿಂತಾಗ, ಬಾಗಿಲ ಕಡೆ ತಿರುಗಿತ್ತಲ್ಲ ಆ ಮುಖ, ಆಗೆಲ್ಲ ಅವನು ನೋಡುತ್ತಿದ್ದುದು ನನ್ನನ್ನು. ನಾನು ಬೈದು ಬೈದು ಮುಖ ಈಚೆಗೆ ತಿರುಗಿಸಿದಾಗಲೆಲ್ಲ ಅವನಿಗೆ ನಾನು ಕಲಸಿಹೋಗುತ್ತಿದ್ದೆ. ಶಾಲಿನ ತುದಿ ಎತ್ತಿಕೊಂಡೆ. ಮಾತು ಮಾತ್ರ ಆಡಲಿಲ್ಲ, ಬಿಗುಮಾನ.

ಡಾಕ್ಟರ ಮಾತು ಕೇಳಿ ಬಿಷಪ್ಪರು ಒಪ್ಪಿದರು. ಮುಖ ಹೇಗಿದ್ದರೂ ಸರಿ, ಹಾಡಲಿ ಎಂದರು. ಅಲ್ಲಿಗೆ ಮುಗಿಯಿತೆಂದುಕೊಂಡೆ. ಪ್ರೊಕೋಪಿಸ್ ಮಾತ್ರ ಶಸ್ತ್ರಕ್ರಿಯೆಗೆ ಹೋಗುತ್ತೇನೆಂದ. ಎರಡು ಕಣ್ಣಿನ ಸ್ನಾಯುಗಳನ್ನೂ ಬಿಚ್ಚಿ ಜಾಗ ಬದಲಿಸಿ ಹೊಲಿಯುತ್ತಾರೆ. ನಡುಕ ಹೋಗುವುದಿಲ್ಲ, ಅದು ತಣಿಯುವ ಜಾಗ ಮೂಲೆಯಿಂದ ನಡುವಿಗೆ ಬರುತ್ತದೆ, ಅಷ್ಟೇ.

"ಹುಚ್ಚಾ ನಿಂಗೆ? ಮೇಜು ಉಳೀತಲ್ಲ. ಇರೋ ಕಣ್ಣೂ ಹೋದ್ರೆ ಕುರ್ಚಿ ಯಾರು ಹೆಣೀತಾರೆ, ನಿಮ್ಮಪ್ಪನಾ?"

"ಬಿಷಪ್ಪರಿಗೆ ಸಮಾಧಾನ ಆಯ್ತು" ಎಂದ ಅವನು, ಜೊಂಡು ನೆನೆಸುತ್ತಾ. "ನೀನು ಆ ಬೆಂಚಿನ ಮೇಲೆ ಅತ್ಯಲ್ಲ, ನಂಗಿನ್ನೂ ಸಮಾಧಾನ ಆಗಿಲ್ಲ."

ಹೋದ, ಮಾಡಿಸಿಕೊಂಡ. ಕಣ್ಣು ಹುಂಜದ ಜುಟ್ಟಿನಂತೆ ಕೆಂಪಾಗಿ ಎಷ್ಟೋ ದಿನ ನೀರು ಸುರಿಯಿತು. ಕಣ್ಣು ಉಳಿಯಲಿ ಎಂದು ನಾನು ಹರಸಿಕೊಳ್ಳದ ಸಂತರಿಲ್ಲ. ಕೆಂಪು ಇಳಿದ ಮೇಲೆ ಒಂದು ಬೆಳಿಗ್ಗೆ ಕಾಫಿ ಕೊಡಲು ಹೋದೆ. ನೆಟ್ಟಗೆ ಮುಖಕ್ಕೆ ಮುಖ ಕೊಟ್ಟು ನೋಡಿದ. ನನಗೆ ನಾಚಿಕೆಯಾಗಿ ನಾನೇ ಮುಖ ತಿರುಗಿಸಿದೆ. ಇಷ್ಟು ವರ್ಷ ಜಗಳವಾಡಿ ಕೇಳಿದ್ದು ಸಿಕ್ಕಿದಾಗ ನಾನು ಅಡುಗೆಮನೆಗೆ ಓಡಿದೆ.

ಮುಂದಿನ ಭಾನುವಾರ ಬಿಷಪ್ಪರೇ ಪೂಜೆಗೆ ಬಂದಿದ್ದರು. ಪ್ರೊಕೋಪಿಸ್ ಬಲಮೇಜಿನಲ್ಲಿ ನೇರ ನಿಂತ. ಮುಖವೂ ಪುಸ್ತಕದಲ್ಲಿ, ಕಣ್ಣೂ ಪುಸ್ತಕದಲ್ಲಿ. ಪನಾಗೋಸನಿಗೆ ಹುಡುಕಲು ತಪ್ಪೊಂದೂ ಉಳಿದಿರಲಿಲ್ಲ. "ಇನ್ಮೇಲೆ ನಮ್ಮನ್ನ ನೋಡೋರು ಯಾರಮ್ಮ" ಎಂದು ರಲ್ಲೂ ನನ್ನ ಮುಂದೆ ಪಿಸುಗುಟ್ಟಿದಳು. ನಾನೂ ಅದನ್ನೇ ಯೋಚಿಸುತ್ತಿದ್ದೆ. ಕಂಬಕ್ಕೆ ಒರಗಿದೆ.

ದೇವಮಾತೆಯ ಹಾಡು ಬಂತು. ನಡುವಿನಲ್ಲಿ ಅವನು ಪುಸ್ತಕದಿಂದ ತಲೆ ಎತ್ತಿದ. ಹೆಂಗಸರ ಕಡೆ ತಿರುಗಿದ, ಮೊದಲಿನ ಹಾಗೆಯೇ. ಆದರೆ ಈ ಸಲ ರೆಪ್ಪೆ ತೆರೆದಿತ್ತು. ರಲ್ಲೂವಿನ ಭುಜದ ಮೇಲಿಂದ, ಕಂಬದ ಪಕ್ಕಕ್ಕೆ ಬಂತು ನೋಟ. ಹಾಡು ನಿಂತೇಹೋಯಿತು. ಒಂದು ದಿನವೂ ಪದ ಮರೆಯದವನು ಬಿಷಪ್ಪರ ಮುಂದೆ ಬಾಯಿ ತೆರೆದು ಸುಮ್ಮನೆ ನಿಂತ. ಕೊನೆಗೆ ಎಡಮೇಜಿನವನೇ ಪದ ಎತ್ತಿಕೊಟ್ಟ. ಊರು ಒಂದು ಮಾತೂ ದೂರಲಿಲ್ಲ. ಪಾಪ, ಕಣ್ಣಿಗೆ ಹೊಲಿಗೆ ಹಾಕಿಸಿಕೊಂಡಿದ್ದಾನೆ, ಪುಸ್ತಕ ಸರಿಯಾಗಿ ಕಾಣಲಿಲ್ಲವೇನೋ ಎಂದರು.

ಮನೆಗೆ ಬಂದವಳೇ ಸೌಟು ಹಿಡಿದೆ. "ಮಾನ ತೆಗೆದೆಯಲ್ಲೋ! ಬಿಷಪ್ಪರ ಮುಂದೆ ಹಾಡು ಮರ್ತೆಯಾ? ಕಣ್ಣು ಎಲ್ಲಿ ಇಟ್ಟಿದ್ದೆ?"

ಮೇಜಿನ ಮೇಲಿನ ಕಡಲೆಕಾಳಿನ ತಟ್ಟೆ ಎಳೆದುಕೊಂಡು ಅವನು ಹೇಳಿದ: "ಕಂಬದ ಹತ್ರ ಒಬ್ಳು ನಿಂತಿದ್ಲು. ಯಾರು ಅಂತ ನೋಡ್ದೆ."

"ಗೊತ್ತಾಯ್ತಾ?"

"ಹೂಂ" ಎಂದ.